ಬಿಟ್ಟಿ ಅಂದರೆ ಯಾರದ್ದು?

ಅಮೆರಿಕದ ಪಿಟ್ಸ್‌ಬರ್ಗ್‌ನ ಆಫೀಸಿನಲ್ಲಿ ನನ್ನ ಪಕ್ಕ ಕೂರುವವನು ರಿಪಬ್ಲಿಕನ್ ಪಕ್ಷದವನು, ಎದುರು ಕೂರುವವಳು ಡೆಮಾಕ್ರಟ್. ಬಡವರ ವಿಷಯ ಎತ್ತಿದರೆ ಊಟದ ಬಿಡುವು ಸಾಲುವುದಿಲ್ಲ. ಮೈಬಗ್ಗಿಸಿ ದುಡಿದರೆ ಬಡತನ ಎಲ್ಲಿಂದ ಬರುತ್ತೆ ಅಂತ ಇವನು. ಕೇಂದ್ರದ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರಿನಲ್ಲೇ ನಿಂತಿದೆ, ದುಡಿದೂ ಬಡವರಾಗಿರುವವರು ಏನು ಮಾಡಬೇಕು ಅಂತ ಅವಳು.

ಮೂಡಿಗೆರೆಯಲ್ಲಿ ಕಾಫಿ ತೋಟ ಇರುವ ಚಿಕ್ಕಪ್ಪನಿಗೆ ಫೋನಿನಲ್ಲಿ ಇದನ್ನು ಹೇಳಿದೆ. ಕೂತಲ್ಲೇ ರಿಪಬ್ಲಿಕನ್ ಪಕ್ಷ ಸೇರಿಬಿಟ್ಟರು. "ಅಕ್ಕಿ ಬಿಟ್ಟಿ, ಹೆಂಗಸರಿಗೆ ಬಸ್ಸು ಬಿಟ್ಟಿ, ತಿಂಗಳಿಗೆ 2000 ಬೇರೆ. ಹಣ್ಣು ಕುಯ್ಯೋಕೆ ಯಾರು ಬರ್ತಾರೋ? ಅಸ್ಸಾಮಿನವ್ರು ಇಲ್ದಿದ್ರೆ ರೋಬಸ್ಟಾ ಗಿಡದಲ್ಲೇ ಒಣಗೋದು."

ಅಮೆರಿಕದ ಬಿಟ್ಟಿ ಹೀಗಿಲ್ಲ ಅಂದೆ. 1996ರಲ್ಲಿ ರಿಪಬ್ಲಿಕನ್ನರ ಬಹುಮತವಿದ್ದ ಸಂಸತ್ತು ಒಪ್ಪಿ, ಡೆಮಾಕ್ರಟ್ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ ಕಾಯ್ದೆ ಇದೆ. ಬಡ ಸಂಸಾರಕ್ಕೆ ಕೇಂದ್ರದ ನಗದು ನೆರವು ಸಾಮಾನ್ಯವಾಗಿ ಜೀವಮಾನಕ್ಕೆಲ್ಲ ಸೇರಿ 5 ವರ್ಷ. ಮಕ್ಕಳಿಲ್ಲದ ಗಟ್ಟಿಮುಟ್ಟಾದವನು ವಾರಕ್ಕೆ 20 ಗಂಟೆ ಕೆಲಸ ಮಾಡದಿದ್ದರೆ ಆಹಾರದ ಕಾರ್ಡು 3 ವರ್ಷದಲ್ಲಿ 3 ತಿಂಗಳು ಮಾತ್ರ. ಆ ಕಾರ್ಡಿಗೆ ಅಂಗಡಿಯಲ್ಲಿ ಬಿಸಿ ಊಟ ಕೊಡುವುದೂ ಇಲ್ಲ.

"ಹಂಗಿರ್ಬೇಕು ನೋಡು!"

ಸರಿ, ನಮ್ಮನೆ ಲೆಕ್ಕವನ್ನೂ ನೋಡೋಣ ಅಂದೆ. ಮುಖ್ಯಮಂತ್ರಿ ದೇವರಾಜ ಅರಸರ ಕಾಲದ 1974ರ ಭೂಸುಧಾರಣೆಯಲ್ಲಿ ಎಷ್ಟೋ ಮನೆಗಳ ಗದ್ದೆ ಗೇಣಿದಾರರ ಪಾಲಾಯಿತು. ಕಾಫಿ ತೋಟಗಳಿಗೆ ಮಾತ್ರ ಜಮೀನಿನ ಮಿತಿಯಿಂದ ವಿನಾಯಿತಿ. ನಾವೇ ಬೆಳೆದ ಕಾಫಿಯನ್ನು ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ಹದ ಮಾಡುವುದು) ಮಾಡದೆ ಮಾರಿದರೆ ಆ ದುಡ್ಡಿಗೆ ಕೇಂದ್ರದ ಆದಾಯ ತೆರಿಗೆಯಿಲ್ಲ. ಸತ್ತವರ ಆಸ್ತಿಯ ಮೇಲಿದ್ದ ತೆರಿಗೆ 1985ರಲ್ಲೇ ರದ್ದಾಯಿತು. ಇದು ಯಾವುದಕ್ಕೂ ನಾವು ರೇಷನ್ ಅಂಗಡಿ ಮುಂದೆ ಚೀಲ ಹಿಡಿದು ನಿಲ್ಲಲಿಲ್ಲ. ಹಾಗಾಗಿ ಯಾರೂ ಬಿಟ್ಟಿ ಅನ್ನುವುದಿಲ್ಲ.

"ತೋಟ ದುಡಿದು ಮಾಡಿದ್ದು ಕಣೋ."

"ದುಡಿದಿದ್ದು ತಾತ ಅಲ್ವಾ ಚಿಕ್ಕಪ್ಪ? ಲೈನ್ ಮನೆಯ ಕೂಲಿಯವ್ರೂ ದುಡಿದ್ರಲ್ಲ?"

"ಆನೆ ನುಗ್ಗಿದ್ರೆ, ಹೂವಾಗೋ ಹೊತ್ತಿಗೆ ಮಳೆ ಕೈಕೊಟ್ರೆ ನಷ್ಟ ಯಾರದ್ದು?"

ಆ ಮಾತು ನಿಜ. ಚಿಕ್ಕಪ್ಪನನ್ನು ಸಾಹುಕಾರ ಅಂತ ಬೈದು ಮುಗಿಸುವುದು ಸುಲಭ, ಆದರೆ ರೇಟು ಬಿದ್ದ ವರ್ಷಗಳಲ್ಲಿ ಅವರು ಬ್ಯಾಂಕಿಗೆ ಅಲೆದದ್ದನ್ನು ನೋಡಿದ್ದೇನೆ. ಇಲ್ಲಿನವರೂ ಬೇರೆಯಲ್ಲ ಬಿಡಿ. ನನ್ನ ರಿಪಬ್ಲಿಕನ್ ಗೆಳೆಯ ಮನೆ ಸಾಲದ ಬಡ್ಡಿ ತೋರಿಸಿ ತೆರಿಗೆ ಉಳಿಸುತ್ತಾನೆ, ಅದನ್ನು ಸರ್ಕಾರದ ನೆರವು ಅಂದರೆ ಸಿಟ್ಟಾಗುತ್ತಾನೆ. ಬಡವರ ಪರ ಗಂಟಲು ಹರಿದುಕೊಳ್ಳುವ ಡೆಮಾಕ್ರಟ್ ಗೆಳತಿ, ತನ್ನ ಬೀದಿಯಲ್ಲಿ ಕಡಿಮೆ ಬಾಡಿಗೆಯ ಅಪಾರ್ಟ್‌ಮೆಂಟ್ ಬೇಡ ಅನ್ನುವ ಅರ್ಜಿಗೆ ಸಹಿ ಹಾಕಿದ್ದಾಳೆ.

ಇದನ್ನೂ ಹೇಳಿದೆ. ಚಿಕ್ಕಪ್ಪ ನಕ್ಕರು. "ಅವ್ರದ್ದು ಬಿಡು. ಸರ್ಕಾರಿ ಸೀಟಲ್ಲಿ ಹಾಸನದಲ್ಲಿ ಇಂಜಿನಿಯರಿಂಗ್ ಓದಿದ್ದು ನೀನು. ಟ್ಯಾಕ್ಸ್ ಕಟ್ತಿರೋದು ಯಾವ ದೇಶಕ್ಕಪ್ಪಾ?"