ಬೇರೆ ರಾಜ್ಯದ ಫಾರ್ಮಸಿಸ್ಟ್ ರಿಜಿಸ್ಟ್ರೇಷನ್ ಕರ್ನಾಟಕಕ್ಕೆ ತರುವಾಗ

ಮೆಡಿಕಲ್ ಶಾಪಿನ ಗೋಡೆಗೆ ಫ್ರೇಮ್ ಹಾಕಿಸಿ ತೂಗುಹಾಕಿರುವ ರಿಜಿಸ್ಟ್ರೇಷನ್ ಸರ್ಟಿಫಿಕೇಟಿನ ತಲೆಬರಹ ಓದಿ ನೋಡಿ. ಅಲ್ಲಿ ಒಂದು ರಾಜ್ಯದ ಫಾರ್ಮಸಿ ಕೌನ್ಸಿಲ್ಲಿನ, ಅಂದರೆ ಫಾರ್ಮಸಿಸ್ಟರ ಹೆಸರು ನೋಂದಾಯಿಸಿಕೊಳ್ಳುವ ಸಂಸ್ಥೆಯ, ಹೆಸರಿರುತ್ತದೆ. ಡಿ.ಫಾರ್ಮ, ಬಿ.ಫಾರ್ಮ ಓದಿದ್ದು ದೇಶದಲ್ಲೆಲ್ಲ ನಡೆಯುತ್ತದೆ. ಆದರೆ ಡಾಕ್ಟರ ಚೀಟಿ ನೋಡಿ ಔಷಧಿ ಕೊಡುವ ಹಕ್ಕು ಇರುವುದು ಆ ರಾಜ್ಯದ ರಿಜಿಸ್ಟರಿನಲ್ಲಿ ನಿಮ್ಮ ಹೆಸರು ಇರುವಷ್ಟು ದಿನ ಮಾತ್ರ. ರಾಜ್ಯ ಬದಲಾಯಿಸಿದರೆ ಹೆಸರಿರುವ ರಿಜಿಸ್ಟರನ್ನೂ ಬದಲಾಯಿಸಿಕೊಳ್ಳಬೇಕು. ಇದನ್ನು ಎಲ್ಲರೂ 'ಟ್ರಾನ್ಸ್‌ಫರ್' ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ, ನಿಜಕ್ಕೂ ಅದು ಎರಡು ಕೆಲಸ: ಅಲ್ಲಿ ಹೆಸರು ತೆಗೆಸುವುದು, ಇಲ್ಲಿ ಹೆಸರು ಬರೆಸುವುದು. ಇವೆರಡರ ನಡುವೆ ಬರುವ ದಿನಗಳಲ್ಲಿ ನೀವು ಕಾನೂನಿನ ಕಣ್ಣಿಗೆ ಎಲ್ಲಿಯೂ ಫಾರ್ಮಸಿಸ್ಟ್ ಅಲ್ಲ. ತೊಂದರೆಯೆಲ್ಲ ಹುಟ್ಟುವುದು ಆ ದಿನಗಳಲ್ಲೇ.

1948ರ ಫಾರ್ಮಸಿ ಕಾಯ್ದೆಯ ಸೆಕ್ಷನ್ 2(ಐ) ಪ್ರಕಾರ, ಸದ್ಯ ವಾಸವಿರುವ ಅಥವಾ ಸದ್ಯ ವೃತ್ತಿ ನಡೆಸುತ್ತಿರುವ ರಾಜ್ಯದ ರಿಜಿಸ್ಟರಿನಲ್ಲಿ ಹೆಸರಿರುವವರೇ ರಿಜಿಸ್ಟರ್ಡ್ ಫಾರ್ಮಸಿಸ್ಟ್. 'ಸದ್ಯ' ಅನ್ನುವ ಪದವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಸೋಲಾಪುರದಲ್ಲಿ ಹತ್ತು ವರ್ಷ ಅಂಗಡಿ ನಡೆಸಿದ್ದರೂ ಈಗ ಮನೆ, ಕೆಲಸ ಎರಡೂ ವಿಜಯಪುರದಲ್ಲಿದ್ದರೆ ಮಹಾರಾಷ್ಟ್ರದ ರಿಜಿಸ್ಟ್ರೇಷನ್ ನಂಬರ್ ನಿಮ್ಮ ಕೈ ಹಿಡಿಯುವುದಿಲ್ಲ. 'ಅಥವಾ' ಎನ್ನುವುದು ಗಡಿಯವರ ಪದ. ಹೊಸೂರಿನಲ್ಲಿ ಮನೆ, ಅತ್ತಿಬೆಲೆಯಲ್ಲಿ ಕೆಲಸ; ಮಂಜೇಶ್ವರದಲ್ಲಿ ಮನೆ, ತೊಕ್ಕೊಟ್ಟಿನಲ್ಲಿ ಕೆಲಸ. ಹೀಗಿರುವವರು ಕಾಯ್ದೆಯ ಮಾತಿನಂತೆ ಎರಡರಲ್ಲಿ ಯಾವ ರಾಜ್ಯದಲ್ಲಾದರೂ ಹೆಸರು ಇಟ್ಟುಕೊಳ್ಳಬಹುದು. ಆದರೆ ಅಂಗಡಿ ಲೈಸೆನ್ಸಿಗೆ ಹೆಸರು ಕೊಡುವಾಗ ಅಂಗಡಿ ಇರುವ ರಾಜ್ಯದ ನಂಬರ್ ಕೇಳುವುದೇ ರೂಢಿ. ಆದ್ದರಿಂದ ಕೆಲಸದ ರಾಜ್ಯವನ್ನೇ ಆರಿಸಿಕೊಳ್ಳುವುದು ಜಾಣತನ. ಎರಡೂ ಕಡೆ ಒಂದೊಂದು ನಂಬರ್ ಇಟ್ಟುಕೊಂಡರಾಯಿತು ಎಂಬ ಯೋಚನೆ ಬೇಡ. ಒಬ್ಬರ ಹೆಸರು ಒಮ್ಮೆಗೆ ಒಂದೇ ರಾಜ್ಯದಲ್ಲಿ ಇರಬೇಕು ಎಂದೇ ಕೌನ್ಸಿಲ್ಲುಗಳು ನಡೆದುಕೊಳ್ಳುವುದು.

ಸಮಾಧಾನದ ವಿಷಯವೆಂದರೆ ಮತ್ತೆ ಪರೀಕ್ಷೆ ಇಲ್ಲ. ಸೆಕ್ಷನ್ 32(2)ರಲ್ಲಿ ಹೆಸರು ಬರೆಸಲು ಇರುವ ದಾರಿಗಳಲ್ಲಿ 'ಇನ್ನೊಂದು ರಾಜ್ಯದಲ್ಲಿ ರಿಜಿಸ್ಟರ್ ಆಗಿರುವವರು' ಎಂಬುದೂ ಒಂದು. 18 ವರ್ಷ ತುಂಬಿರಬೇಕು, ಇಲ್ಲಿ ವಾಸ ಅಥವಾ ವೃತ್ತಿ ಇರಬೇಕು, ಶುಲ್ಕ ಕಟ್ಟಬೇಕು. ಅಮೆರಿಕಕ್ಕೆ ಹೋದ ನಮ್ಮ ಕಡೆಯ ಫಾರ್ಮಸಿಸ್ಟರನ್ನು ಕೇಳಿ ನೋಡಿ: ಅಲ್ಲಿ ಹೆಚ್ಚಿನ ರಾಜ್ಯಗಳಲ್ಲಿ, ರಾಜ್ಯ ಬದಲಾದರೆ ಆ ರಾಜ್ಯದ ಔಷಧ ಕಾನೂನಿನ ಪರೀಕ್ಷೆಗೆ ಮತ್ತೆ ಕೂರಬೇಕು. ನಮ್ಮಲ್ಲಿ ಪರೀಕ್ಷೆಯ ಜಾಗದಲ್ಲಿ ಕಾಗದಗಳಿವೆ.

ಕೆಲವರಿಗೆ ಈ ಓಡಾಟವೇ ಬೇಕಾಗಿಲ್ಲ. ಔಷಧ ಕಂಪನಿಯ ರೆಪ್ ಆಗಿ ಬಂದವರಿಗೆ, ಫ್ಯಾಕ್ಟರಿಯಲ್ಲಿ ತಯಾರಿಕೆ ನೋಡಿಕೊಳ್ಳುವವರಿಗೆ ಈ ನಂಬರ್ ಇಲ್ಲದೆಯೂ ಕೆಲಸ ನಡೆಯುತ್ತದೆ. ಹೋಲ್‌ಸೇಲ್ ಲೈಸೆನ್ಸಿಗೂ ಫಾರ್ಮಸಿಸ್ಟೇ ಆಗಬೇಕೆಂದಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಿ ಔಷಧ ವ್ಯಾಪಾರದಲ್ಲಿ 4 ವರ್ಷ ಅನುಭವ ಇರುವವರು, ಅಥವಾ ಪದವಿಯ ಜೊತೆ 1 ವರ್ಷ ಅನುಭವ ಇರುವವರು ಸಾಕು. ರೀಟೇಲ್ ಕೌಂಟರ್, ಆಸ್ಪತ್ರೆ ಫಾರ್ಮಸಿ, ಫಾರ್ಮಸಿ ಕಾಲೇಜಿನ ಪಾಠ, ಇವಕ್ಕೆ ಮಾತ್ರ ತಪ್ಪಿದ್ದಲ್ಲ. ಸರ್ಕಾರಿ ಫಾರ್ಮಸಿ ಅಧಿಕಾರಿ ಹುದ್ದೆಗೆ ಅರ್ಜಿ ಹಾಕುವವರು ಅಧಿಸೂಚನೆಯಲ್ಲಿ ರಾಜ್ಯದ ನೋಂದಣಿ ಕೇಳಿದ್ದಾರೆಯೇ, ಯಾವ ತಾರೀಕಿನ ಒಳಗೆ ಆಗಿರಬೇಕು ಎಂಬ ಸಾಲನ್ನು ಎರಡು ಸಲ ಓದಿ. ಕೊನೆಯ ದಿನ ಕೈಯಲ್ಲಿ ಬರೀ ಎನ್‌ಒಸಿ (ಹಳೇ ಕೌನ್ಸಿಲ್ ಕೊಡುವ 'ತಕರಾರಿಲ್ಲ' ಪತ್ರ) ಇದ್ದರೆ ಅದು ನೋಂದಣಿ ಆಗುವುದಿಲ್ಲ.

ಇನ್ನು ಕ್ರಮ. ಹೆಚ್ಚಿನವರು ಊರು ಬಿಡುವ ಗಡಿಬಿಡಿಯಲ್ಲಿ ಮೊದಲು ಹಳೇ ಕೌನ್ಸಿಲ್ಲಿಗೆ ಹೋಗಿ ಎನ್‌ಒಸಿ ತೆಗೆದುಕೊಂಡು ಬಿಡುತ್ತಾರೆ. ಇದು ಉಲ್ಟಾ. ಮೊದಲು ಹೋಗಿ ಸೇರುವ ಕೌನ್ಸಿಲ್ಲಿನ ಪಟ್ಟಿ ಕೈಗೆ ಬರಬೇಕು. ಬೆಂಗಳೂರಿನ ವಿಜಯನಗರದಲ್ಲಿರುವ ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್ಲಿಗೆ ಬರುವವರು ಅಲ್ಲಿನ ಆ ಹೊತ್ತಿನ ಅರ್ಜಿ, ದಾಖಲೆ ಪಟ್ಟಿ, ಶುಲ್ಕ ಮೂರನ್ನೂ ನೋಡಿಕೊಂಡು ನಂತರ ಹಳೇ ರಾಜ್ಯಕ್ಕೆ ಬರೆಯಲಿ. ಯಾಕೆಂದರೆ ಕೌನ್ಸಿಲ್ಲುಗಳು ಎರಡು ಬಗೆಯಾಗಿ ಕೆಲಸ ಮಾಡುತ್ತವೆ. ಕೆಲವು ಕಡೆ ಅರ್ಜಿದಾರನೇ ಎನ್‌ಒಸಿ ತರಬೇಕು. ಕೆಲವು ಕಡೆ ಅರ್ಜಿ ತೆಗೆದುಕೊಂಡ ಕೌನ್ಸಿಲ್ಲೇ ಹಳೇ ಕೌನ್ಸಿಲ್ಲಿಗೆ ಪತ್ರ ಬರೆದು 'ಈ ನಂಬರ್ ನಿಮ್ಮದೇ? ಚಾಲ್ತಿಯಲ್ಲಿದೆಯೇ? ಶಿಸ್ತಿನ ಕ್ರಮ ಏನಾದರೂ ಇದೆಯೇ?' ಎಂದು ಕೇಳುತ್ತದೆ. ಎರಡನೇ ಬಗೆಯಲ್ಲಿ ಹಳೇ ಹೆಸರು ಕೊನೆಯವರೆಗೂ ಉಳಿದಿರುತ್ತದೆ. ಆಯ್ಕೆ ಇದ್ದರೆ ಇದನ್ನೇ ಹಿಡಿಯಿರಿ. ಶುಲ್ಕ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಬದಲಾಗುತ್ತಲೂ ಇರುತ್ತದೆ. ಯೂಟ್ಯೂಬ್ ವಿಡಿಯೋ ನೋಡಿ ಡಿಡಿ ತೆಗೆಸಬೇಡಿ.

ಪತ್ರದ ಹೆಸರಿನಲ್ಲೂ ಎಡವುವವರಿದ್ದಾರೆ. ಎನ್‌ಒಸಿ ಬೇರೆ, ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟ್ ಬೇರೆ. ಗುಡ್ ಸ್ಟ್ಯಾಂಡಿಂಗ್ ಎಂದರೆ ಈತ ನಮ್ಮಲ್ಲಿ ರಿಜಿಸ್ಟರ್ ಆಗಿದ್ದಾನೆ, ಮೇಲೆ ದೂರಿಲ್ಲ ಎಂದು ಬರೆದುಕೊಡುವುದು. ದುಬೈ, ಮಸ್ಕತ್ ಕಡೆ ಹೋಗುವವರು ಕೇಳುವುದು ಇದನ್ನು, ಇದರಿಂದ ಹೆಸರು ಅಳಿಯುವುದಿಲ್ಲ. ಎನ್‌ಒಸಿ ಎಂದರೆ ಇವರನ್ನು ಬಿಟ್ಟುಕೊಡಲು ನಮ್ಮ ತಕರಾರಿಲ್ಲ ಎಂದು. ಅದರ ಹಿಂದೆಯೇ ಹೆಸರು ತೆಗೆಯುವ ಕ್ರಮ ಶುರುವಾಗುತ್ತದೆ, ಮೂಲ ಸರ್ಟಿಫಿಕೇಟನ್ನೂ ಒಪ್ಪಿಸಬೇಕಾಗುತ್ತದೆ. ಅರ್ಜಿಯಲ್ಲಿ ಯಾವುದು ಬೇಕು, ಯಾವ ರಾಜ್ಯಕ್ಕೆ ಎಂದು ಬಿಡಿಸಿ ಬರೆಯಿರಿ. ಒಂದರ ಬದಲು ಇನ್ನೊಂದು ಬಂದರೆ ಮತ್ತೆ ಮೊದಲಿಂದ.

ಹಳೇ ರಾಜ್ಯದ ಕಡೆ ಕೆಲಸ ನಿಲ್ಲುವುದು ಬಹುಪಾಲು ರಿನೀವಲ್‌ನಲ್ಲಿ. ಸೆಕ್ಷನ್ 34ರಂತೆ ಹೆಸರು ಉಳಿಸಿಕೊಳ್ಳುವ ಶುಲ್ಕವನ್ನು ಏಪ್ರಿಲ್ 1ಕ್ಕೆ ಮೊದಲು ಕಟ್ಟಬೇಕು, ಕಟ್ಟದಿದ್ದರೆ ರಿಜಿಸ್ಟ್ರಾರ್ ಹೆಸರು ತೆಗೆದುಹಾಕಬೇಕು. ಕೆಲವು ಕೌನ್ಸಿಲ್ಲುಗಳು ಹಲವು ವರ್ಷದ್ದನ್ನು ಒಟ್ಟಿಗೆ ಕಟ್ಟಿಸಿಕೊಳ್ಳುತ್ತವೆ. ಹಾಗಾಗಿ ಯಾವಾಗ ಮುಗಿಯಿತು ಎಂಬುದೇ ಮರೆತಿರುತ್ತದೆ. ರಿಜಿಸ್ಟರಿನಲ್ಲಿ ಇಲ್ಲದ ಹೆಸರಿಗೆ ಎನ್‌ಒಸಿ ಕೊಡಲು ಬರುವುದಿಲ್ಲ. ಮೊದಲು ಬಾಕಿ ಕಟ್ಟಿ, ಹೆಸರು ಮತ್ತೆ ಸೇರಿಸಿಕೊಂಡು, ಆಮೇಲೆ ಅದೇ ಹೆಸರನ್ನು ತೆಗೆಸಬೇಕು. ಕೇಳಲು ತಮಾಷೆ, ಮಾಡಲು ತಿಂಗಳುಗಳು. 2015ರ ಫಾರ್ಮಸಿ ಪ್ರಾಕ್ಟೀಸ್ ರೆಗ್ಯುಲೇಷನ್ ಬಂದ ಮೇಲೆ 5 ವರ್ಷದಲ್ಲಿ ಕನಿಷ್ಠ 2 ರಿಫ್ರೆಶರ್ ಕೋರ್ಸ್ ಮಾಡಿರಬೇಕು, ಒಂದೊಂದೂ ಕಡಿಮೆಯೆಂದರೆ ಒಂದು ದಿನದ್ದು. ಆ ಸರ್ಟಿಫಿಕೇಟುಗಳನ್ನು ಎಸೆಯಬೇಡಿ, ರಿನೀವಲ್ ಹೊತ್ತಿಗೆ ಕೇಳುತ್ತಾರೆ. 2014ಕ್ಕೆ ಮೊದಲು, ಆಂಧ್ರ ಇನ್ನೂ ಒಂದಾಗಿದ್ದಾಗ ರಿಜಿಸ್ಟರ್ ಆದವರಿಗೆ ಇನ್ನೊಂದು ಕೆಲಸ ಹೆಚ್ಚಿಗೆ ಇದೆ: ಈಗ ಆಂಧ್ರಕ್ಕೂ ತೆಲಂಗಾಣಕ್ಕೂ ಬೇರೆ ಬೇರೆ ಕೌನ್ಸಿಲ್, ನಿಮ್ಮ ಕಡತ ಎಲ್ಲಿದೆ ಎಂದು ಮೊದಲು ಖಾತ್ರಿ ಮಾಡಿಕೊಂಡು ಅಲ್ಲಿಗೇ ಬರೆಯಬೇಕು.

ಕಾಗದಪತ್ರದಲ್ಲಿ ಅತಿ ಹೆಚ್ಚು ಕಾಟ ಕೊಡುವುದು ಹೆಸರೇ. ನಮ್ಮ ಕಡೆ ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಮಹಾರಾಷ್ಟ್ರದಲ್ಲಿ ಹೆಸರು, ತಂದೆ ಹೆಸರು, ಅಡ್ಡಹೆಸರು ಮೂರೂ ಪೂರ್ತಿ. ಒಬ್ಬನೇ ಮನುಷ್ಯ ಎಸ್ಸೆಸ್ಸೆಲ್ಸಿಯಲ್ಲಿ 'ಮಂಜುನಾಥ ಎಸ್.', ಆಧಾರಿನಲ್ಲಿ 'ಮಂಜುನಾಥ ಪಾಟೀಲ', ಕೊಲ್ಲಾಪುರದಲ್ಲಿ ಓದುವಾಗ ಮಾಡಿಸಿದ ರಿಜಿಸ್ಟ್ರೇಷನ್ನಿನಲ್ಲಿ 'ಪಾಟೀಲ ಮಂಜುನಾಥ ಶಿವಪ್ಪ'. ಮನೆಯವರಿಗೆ ಮೂವರೂ ಒಬ್ಬನೇ, ಕೌಂಟರಿನ ಗುಮಾಸ್ತರಿಗೆ ಮೂರು ಜನ. ಬರೀ ಇನಿಷಿಯಲ್ ಜಾಗ ಬದಲಾಗಿದ್ದರೆ ನೋಟರಿ ಅಫಿಡವಿಟ್ಟಿನಲ್ಲಿ ಮುಗಿಯಬಹುದು. ಹೆಸರೇ ಬೇರೆಯಾಗಿದ್ದರೆ, ಮದುವೆಯಾದ ಮೇಲೆ ಬದಲಿಸಿಕೊಂಡಿದ್ದರೆ, ಗೆಜೆಟ್ ಪ್ರಕಟಣೆ ಅಥವಾ ವಿವಾಹ ನೋಂದಣಿ ಪತ್ರ ಜೊತೆಗಿರಲಿ. ತಿದ್ದಿಸುವುದಾದರೆ ಹಳೇ ಕೌನ್ಸಿಲ್ಲಿನಲ್ಲೇ, ಎನ್‌ಒಸಿಗೆ ಮುಂಚೆಯೇ ತಿದ್ದಿಸಿ. ಎನ್‌ಒಸಿಯಲ್ಲಿ ತಪ್ಪು ಹೆಸರು ಅಚ್ಚಾಗಿ ಬಂದರೆ, ಹೆಸರು ತೆಗೆದಾದ ಮೇಲೆ ತಿದ್ದುವವರು ಸಿಗುವುದಿಲ್ಲ.

ವಿಳಾಸಕ್ಕೆ ಬಾಡಿಗೆ ಕರಾರು ಮಾಡಿಸಿಕೊಂಡು ಆಧಾರ್ ವಿಳಾಸ ಬದಲಿಸುವ ಕೆಲಸವನ್ನು ಎಲ್ಲಕ್ಕಿಂತ ಮೊದಲು ಮುಗಿಸಿ, ಬಾಕಿ ಎಲ್ಲ ದಾಖಲೆ ಅದಕ್ಕೆ ತಗುಲಿಕೊಂಡಿರುತ್ತದೆ. ಕೆಲಸ ಇಲ್ಲಿ, ಮನೆ ಗಡಿಯಾಚೆ ಎನ್ನುವವರು ನೇಮಕಾತಿ ಪತ್ರ ಇಟ್ಟುಕೊಳ್ಳಿ. ಉಳಿದಂತೆ ಹುಟ್ಟಿದ ತಾರೀಕಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಡಿಪ್ಲೊಮಾ ಅಥವಾ ಪದವಿಯ ಎಲ್ಲ ವರ್ಷದ ಅಂಕಪಟ್ಟಿ, ಮೂಲ ಪ್ರಮಾಣಪತ್ರ, ಡಿ.ಫಾರ್ಮದವರಿಗೆ 500 ಗಂಟೆಯ ಪ್ರಾಯೋಗಿಕ ತರಬೇತಿ ಪತ್ರ, ಹಳೇ ರಿಜಿಸ್ಟ್ರೇಷನ್, ಕೊನೆಯ ರಿನೀವಲ್ ರಸೀದಿ, ಫೋಟೋ. ಹಿಂದೆ ಯಾವಾಗಲೋ ಕರ್ನಾಟಕದಲ್ಲೇ ರಿಜಿಸ್ಟರ್ ಆಗಿ ಬೇರೆ ರಾಜ್ಯಕ್ಕೆ ಹೋಗಿ ಈಗ ವಾಪಸ್ ಬರುತ್ತಿದ್ದರೆ ಆ ಹಳೇ ನಂಬರನ್ನೂ ಅರ್ಜಿಯಲ್ಲಿ ಬರೆಯಿರಿ. ಬಚ್ಚಿಟ್ಟರೆ ಒಬ್ಬರಿಗೇ ಎರಡು ರಿಜಿಸ್ಟ್ರೇಷನ್ ಎಂಬ ಅನುಮಾನಕ್ಕೆ ಸಿಕ್ಕಿಕೊಳ್ಳುತ್ತೀರಿ.

ಅರ್ಜಿ ಕೊಟ್ಟ ಮೇಲೆ ಕಾಯುವುದು ಯಾಕೆ ಇಷ್ಟು ದಿನ ಎಂದು ಎಲ್ಲರೂ ಕೇಳುತ್ತಾರೆ. ನಕಲಿ ಸರ್ಟಿಫಿಕೇಟಿನ ಹಾವಳಿಯಿಂದಾಗಿ ಪರಿಶೀಲನೆ ಪತ್ರ ಹಳೇ ಕೌನ್ಸಿಲ್ಲಿಗೆ ಹೋಗುವುದರ ಜೊತೆಗೆ ಪರೀಕ್ಷೆ ನಡೆಸಿದ ಮಂಡಳಿಗೂ ಹೋಗಬಹುದು. ಕರ್ನಾಟಕದ ಡಿ.ಫಾರ್ಮ ಪರೀಕ್ಷೆ ನಡೆಸುವುದು ಔಷಧ ನಿಯಂತ್ರಣ ಇಲಾಖೆಯ ಪರೀಕ್ಷಾ ಪ್ರಾಧಿಕಾರ ಮಂಡಳಿ, ಮಹಾರಾಷ್ಟ್ರದ್ದು ಅಲ್ಲಿನ ತಾಂತ್ರಿಕ ಶಿಕ್ಷಣ ಮಂಡಳಿ. ಬಿ.ಫಾರ್ಮ ಆದರೆ ವಿಶ್ವವಿದ್ಯಾಲಯ. ನೀವು ಓದಿದ ವರ್ಷ ಆ ಕಾಲೇಜಿಗೆ ಭಾರತೀಯ ಫಾರ್ಮಸಿ ಕೌನ್ಸಿಲ್ಲಿನ ಮಾನ್ಯತೆ ಇತ್ತೇ ಎಂದೂ ನೋಡುತ್ತಾರೆ. ಮೂರು ಕಚೇರಿ, ಮೂರು ಟಪಾಲು. ಪತ್ರ ಹೋದ ದಿನ, ಕಡತ ಸಂಖ್ಯೆ ಕೇಳಿ ಬರೆದುಕೊಂಡರೆ ಅತ್ತ ಕಡೆಯ ಕಚೇರಿಗೆ ಫೋನ್ ಮಾಡಿ 'ಇಂಥ ಸಂಖ್ಯೆಯ ಪತ್ರ' ಎಂದು ಕೇಳಬಹುದು. ಸಂಖ್ಯೆ ಇಲ್ಲದೆ ಮಾಡುವ ಫೋನಿಗೆ ಉತ್ತರ ಒಂದೇ: 'ಇನ್ನೂ ಬಂದಿಲ್ಲ'.

ಈಗ ಆ ನಡುವಿನ ದಿನಗಳು. ವೈದ್ಯರ ಚೀಟಿಯ ಮೇಲೆ ಔಷಧಿ ಬೆರೆಸುವುದು, ಕೊಡುವುದು ರಿಜಿಸ್ಟರ್ಡ್ ಫಾರ್ಮಸಿಸ್ಟರಿಗೆ ಮಾತ್ರ ಎಂದು ಸೆಕ್ಷನ್ 42 ಹೇಳುತ್ತದೆ, ಮೀರಿದರೆ ಜೈಲು ಶಿಕ್ಷೆಯವರೆಗೂ ಹೋಗುತ್ತದೆ. ಡ್ರಗ್ಸ್ ರೂಲ್ಸಿನ 65(2) ಕೂಡ ಅದನ್ನೇ ಅಂಗಡಿಯ ಕಡೆಯಿಂದ ಹೇಳುತ್ತದೆ. ಹೊಸ ಮಾಲೀಕರು 'ಎನ್‌ಒಸಿ ಬಂದಿದೆಯಲ್ಲ, ಕೂತ್ಕೊಳ್ಳಿ ಸಾರ್, ನಂಬರ್ ಆಮೇಲೆ ಬರುತ್ತೆ' ಎನ್ನುತ್ತಾರೆ. ಕೂರಬೇಡಿ. ಇನ್ಸ್‌ಪೆಕ್ಟರ್ ಬಂದಾಗ ಮಾಲೀಕರ ಲೈಸೆನ್ಸ್ ಅಮಾನತಾದರೆ ಬಿಡಿಸಿಕೊಂಡಾರು, ಕೇಸು ಬಿದ್ದರೆ ಅದು ನಿಮ್ಮ ಬೆನ್ನ ಮೇಲೆ. ಅಂಗಡಿಯಲ್ಲಿ ಇನ್ನೊಬ್ಬ ರಿಜಿಸ್ಟರ್ಡ್ ಫಾರ್ಮಸಿಸ್ಟ್ ಇದ್ದರೆ ಸ್ಟಾಕ್, ಎಕ್ಸ್‌ಪೈರಿ, ಖರೀದಿ ಬಿಲ್ ನೋಡಿಕೊಂಡಿರಿ, ಚೀಟಿ ಮುಟ್ಟಬೇಡಿ.

ಹಳೇ ಅಂಗಡಿಯ ಲೈಸೆನ್ಸಿನಿಂದ ಹೆಸರು ಇಳಿಸುವುದು ಇದಕ್ಕಿಂತ ಬೇರೆ ಕೆಲಸ, ಇದನ್ನೇ ಬಹಳ ಜನ ಮರೆಯುವುದು. ಕೌನ್ಸಿಲ್ ಒಂದು ಕಚೇರಿ, ಲೈಸೆನ್ಸ್ ಕೊಡುವ ಔಷಧ ನಿಯಂತ್ರಣ ಇಲಾಖೆ ಇನ್ನೊಂದು, ಒಂದರ ಕಡತ ಇನ್ನೊಂದಕ್ಕೆ ತಾನಾಗಿ ಹೋಗುವುದಿಲ್ಲ. ಉಸ್ತುವಾರಿಯ ಫಾರ್ಮಸಿಸ್ಟ್ ಬದಲಾದರೆ ಒಂದು ತಿಂಗಳೊಳಗೆ ತಿಳಿಸಬೇಕೆಂಬುದು ರೀಟೇಲ್ ಲೈಸೆನ್ಸಿನ ಷರತ್ತು, ಅದನ್ನು ತಿಳಿಸಬೇಕಾದವರು ಮಾಲೀಕರು. ಸರ್ಟಿಫಿಕೇಟನ್ನು ಬಾಡಿಗೆಗೆ ಕೊಟ್ಟು ಬೇರೆಲ್ಲೋ ಇದ್ದವರ ಪಾಡು ಇಲ್ಲಿ ಕೆಡುತ್ತದೆ. ಮಾಲೀಕರಿಗೆ ಬೇರೆ ಹೆಸರು ಸಿಗುವವರೆಗೆ ರಿಲೀವಿಂಗ್ ಪತ್ರವನ್ನು ಕೊಡುವುದೇ ಇಲ್ಲ, ಗೋಡೆಯ ಫ್ರೇಮಿನಲ್ಲಿ ಮೂಲ ಸರ್ಟಿಫಿಕೇಟು ಬೇರೆ ಅವರ ಬಳಿ. ಬಾಡಿಗೆ ಕೊಟ್ಟಿದ್ದೇ ತಪ್ಪು, ಆ ಮಾತು ಇರಲಿ. ಹೊರಬರುವ ದಾರಿ: ಕೆಲಸ ಬಿಡುವ ದಿನಾಂಕ, ರಿಜಿಸ್ಟ್ರೇಷನ್ ನಂಬರ್, ಅಂಗಡಿಯ ಲೈಸೆನ್ಸ್ ನಂಬರ್ ಬರೆದ ರಾಜೀನಾಮೆಯನ್ನು ಮಾಲೀಕರಿಗೆ ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟಿನಲ್ಲಿ (ರಿಜಿಸ್ಟರ್ಡ್ ಅಂಚೆ 2025ರಲ್ಲಿ ಇದರಲ್ಲೇ ಸೇರಿಹೋಯಿತು) ಕಳಿಸಿ, ಅದೇ ದಿನ ಅದರ ಪ್ರತಿಯನ್ನು ಆ ಪ್ರದೇಶದ ಲೈಸೆನ್ಸ್ ಅಧಿಕಾರಿಗೂ ಕಳಿಸಿ. ಕರ್ನಾಟಕದಲ್ಲಿ ಅವರು ಸಹಾಯಕ ಔಷಧ ನಿಯಂತ್ರಕರು. ಅಂಚೆಯ ಸ್ವೀಕೃತಿ ಪತ್ರ ಕಳೆದುಹೋಗದಂತೆ ಇಡಿ. ಎರಡು ವರ್ಷದ ನಂತರ ಆ ಅಂಗಡಿಯಲ್ಲಿ ಏನೋ ಸಿಕ್ಕಿಬಿದ್ದು ನಿಮ್ಮ ಹೆಸರು ಓದಿದಾಗ ಬೇಕಾಗುವುದು ಅದೇ.

ಅರ್ಜಿಯನ್ನು ರಿಜಿಸ್ಟ್ರಾರ್ ತಿರಸ್ಕರಿಸಿದರೆ ಮೂರು ತಿಂಗಳೊಳಗೆ ರಾಜ್ಯ ಕೌನ್ಸಿಲ್ಲಿಗೆ ಮೇಲ್ಮನವಿ ಹಾಕಬಹುದು, ಸೆಕ್ಷನ್ 33ರಲ್ಲಿ ಇದಿದೆ. ಅದಕ್ಕೆ ತಿರಸ್ಕಾರ ಬರಹದಲ್ಲಿರಬೇಕು. ಕೌಂಟರಿನಲ್ಲಿ ಬಾಯಿಮಾತಿಗೆ 'ಆಗಲ್ಲ' ಎಂದರೆ ಕಾರಣ ಬರೆದುಕೊಡಿ ಎಂದು ಕೇಳಿ ಪಡೆಯಿರಿ. ಆ ಪತ್ರದ ತಾರೀಕಿನಿಂದಲೇ ಮೂರು ತಿಂಗಳ ಲೆಕ್ಕ.

ಹೊಸ ಸರ್ಟಿಫಿಕೇಟ್ ಬಂದ ದಿನ ಹೆಸರು, ತಂದೆ ಹೆಸರು, ಹುಟ್ಟಿದ ತಾರೀಕು, ವಿದ್ಯಾರ್ಹತೆ, ಕಾಲೇಜು ಎಲ್ಲವನ್ನೂ ಅಲ್ಲೇ ನಿಂತು ಓದಿ ನೋಡಿ. ನಂಬರ್ ಹೊಸದು. ಅಂಗಡಿಯ ಲೈಸೆನ್ಸಿಗೆ ಹೆಸರು ಸೇರಿಸುವ ಅರ್ಜಿ, ಬಿಳಿ ಕೋಟಿನ ಬ್ಯಾಡ್ಜು, ರಬ್ಬರ್ ಸ್ಟ್ಯಾಂಪು ಎಲ್ಲದರಲ್ಲೂ ಅದೇ ಬರಬೇಕು. ಹಳೇ ಸ್ಟ್ಯಾಂಪು ಗಲ್ಲಾಪೆಟ್ಟಿಗೆಯಲ್ಲಿ ಉಳಿದಿರುತ್ತದೆ, ಸಂಜೆಯ ಗಡಿಬಿಡಿಯಲ್ಲಿ ಹುಡುಗ ಅದನ್ನೇ ಬಿಲ್ಲಿಗೆ ಒತ್ತುತ್ತಾನೆ. ಮೊದಲ ದಿನವೇ ಅದರ ರಬ್ಬರ್ ಕಿತ್ತು ಬಿಸಾಕಿ.