ಕರಡು ಪ್ರತಿಗೆ 20 ನಿಮಿಷ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ‘ರೈಟಿಂಗ್ ಅಂಡ್ ರೆಟರಿಕ್’ ಅಂತ ಬೋರ್ಡು ಹಾಕಿಕೊಂಡ ವಿಭಾಗಗಳು ವರ್ಷದ ಕೊನೆಗೆ ಸಾಧನೆಯ ಪಟ್ಟಿ ಹೊರಡಿಸುತ್ತವೆ. ಯಾರ ಪುಸ್ತಕ ಬಂತು, ಯಾರಿಗೆ ಅನುದಾನ ಸಿಕ್ಕಿತು, ಯಾವ ಪಿಎಚ್‌ಡಿ ವಿದ್ಯಾರ್ಥಿ ಎಲ್ಲಿ ಕೆಲಸಕ್ಕೆ ಸೇರಿದ. ಎಲ್ಲವೂ ನಿಜವೇ. ಆದರೆ ವಿಭಾಗದ ಹೊಟ್ಟೆ ತುಂಬಿಸುವ ಕೆಲಸ, ಅಂದರೆ ಮೊದಲ ವರ್ಷದವರ ಕರಡು ಓದುವುದು, ಆ ಪಟ್ಟಿಯಲ್ಲಿ ಹುಡುಕಿದರೂ ಸಿಗುವುದಿಲ್ಲ.

ರೆಟರಿಕ್ ಅಂದರೆ ಅಲಂಕಾರಶಾಸ್ತ್ರ ಅನ್ನುವ ಅನುವಾದ ದಾರಿ ತಪ್ಪಿಸುತ್ತದೆ; ಉಪಮೆ, ರೂಪಕ ನೆನಪಿಗೆ ಬರುತ್ತವೆ. ಅಲ್ಲಿ ಕಲಿಸುವುದು ಬೇರೆ: ಯಾರು, ಯಾರಿಗೆ, ಯಾವಾಗ, ಏನಾಗಲಿ ಅಂತ ಬರೆಯುತ್ತಿದ್ದಾರೆ ಎಂಬ ಲೆಕ್ಕಾಚಾರ. 1968ರಲ್ಲಿ ರೆಟರಿಕ್ ವಿದ್ವಾಂಸ ಲಾಯ್ಡ್ ಬಿಟ್ಜರ್ ಇದನ್ನು ಮೂರಾಗಿ ಬಿಡಿಸಿಟ್ಟರು. ಮಾತಾಡಲೇಬೇಕು ಅನ್ನಿಸುವ ಒಂದು ಕೊರತೆ, ಅದನ್ನು ಸರಿಪಡಿಸಬಲ್ಲ ಓದುಗ, ಏನು ಹೇಳಬಹುದು ಹೇಗೆ ಹೇಳಬಹುದು ಅನ್ನುವುದಕ್ಕೆ ಇರುವ ಕಟ್ಟುಪಾಡು. ಇಡೀ ಸೆಮಿಸ್ಟರಿನ ಪಾಠ ಈ ಮೂರರ ಸುತ್ತಲೇ ತಿರುಗುತ್ತದೆ.

ಮೊದಲ ವರ್ಷದ ಈ ಬರವಣಿಗೆ ಕೋರ್ಸಿನ ಇತಿಹಾಸ ಹಳೆಯದು. ಹಾರ್ವರ್ಡ್ 1874ರಲ್ಲಿ ಪ್ರವೇಶ ಪರೀಕ್ಷೆಗೆ ಇಂಗ್ಲಿಷ್ ಪ್ರಬಂಧ ಸೇರಿಸಿತು. ಉತ್ತರ ಪತ್ರಿಕೆಗಳ ಗತಿ ನೋಡಿ, 1885ರ ಹೊತ್ತಿಗೆ ಬರವಣಿಗೆ ಕೋರ್ಸನ್ನು ಮೊದಲ ವರ್ಷಕ್ಕೇ ತಂದು ಕೂರಿಸಿತು. ಆಮೇಲೆ ಬಹಳ ಕಡೆ ಈ ಕೋರ್ಸು ಇಂಗ್ಲಿಷ್ ವಿಭಾಗದ ಹಿತ್ತಿಲಲ್ಲೇ ಬೆಳೆಯಿತು: ಸಾಹಿತ್ಯದವರು ಯಜಮಾನರು, ಪ್ರಬಂಧ ತಿದ್ದುವವರು ತಾತ್ಕಾಲಿಕ ಅಧ್ಯಾಪಕರು. ಬರವಣಿಗೆಗೆ ಬೇರೆ ವಿಭಾಗವೇ ಆದರೆ ಬದಲಾಗುವುದು ಹೆಸರಷ್ಟೇ ಅಲ್ಲ. ಯಾರನ್ನು ನೇಮಿಸಬೇಕು, ಯಾರಿಗೆ ಟೆನ್ಯೂರ್ (ಕಾಯಂ ಹುದ್ದೆ), ತರಗತಿಯಲ್ಲಿ ಎಷ್ಟು ಜನ ಅನ್ನುವ ನಿರ್ಧಾರದಲ್ಲಿ ಬರವಣಿಗೆ ಕಲಿಸುವವರ ಮಾತಿಗೂ ತೂಕ ಬರುತ್ತದೆ.

ಆ ‘ಎಷ್ಟು ಜನ’ ಅನ್ನುವುದೇ ಅಸಲಿ ವಿಷಯ. ಕಾಲೇಜು ಬರವಣಿಗೆ ಅಧ್ಯಾಪಕರ ಸಂಘಟನೆ, 1949ರಲ್ಲಿ ಶುರುವಾದ ಸಿಸಿಸಿಸಿ (ಬಾಯಿಮಾತಿನಲ್ಲಿ ‘ಫೋರ್ ಸೀಸ್’), ಒಂದು ತರಗತಿಗೆ 20ಕ್ಕಿಂತ ಹೆಚ್ಚು ಬೇಡ, 15 ಆದರೆ ಒಳ್ಳೆಯದು, ಒಬ್ಬರ ಪಾಲಿಗೆ ಒಂದು ಸೆಮಿಸ್ಟರಿಗೆ ಒಟ್ಟು 60 ವಿದ್ಯಾರ್ಥಿಗಳು ಮೀರಬಾರದು ಅನ್ನುತ್ತದೆ. ಲೆಕ್ಕ ಹಾಕಿ ನೋಡಿ. 60 ವಿದ್ಯಾರ್ಥಿಗಳು, ತಲಾ 4 ಪ್ರಬಂಧ, ಒಟ್ಟು 240. ಕರಡಿನ ಮೇಲೆ ಟಿಪ್ಪಣಿ ಬರೆಯಲು 20 ನಿಮಿಷ, ಅಂತಿಮ ಪ್ರತಿ ಓದಿ ಅಂಕ ಕೊಡಲು 10 ನಿಮಿಷ. 120 ಗಂಟೆ ಆಯಿತು. ಪಾಠ, ತಯಾರಿ, ಭೇಟಿ ಎಲ್ಲ ಬೇರೆ. ಬಜೆಟ್ ಕಮ್ಮಿ ಅಂತ ಪ್ರತಿ ತರಗತಿಗೆ ಐದೇ ಐದು ಜನರನ್ನು ಹೆಚ್ಚು ತುಂಬಿಸಿದರೆ, ಮೂರು ತರಗತಿ ಸೇರಿ ಇನ್ನೂ 30 ಗಂಟೆ. ಆ 30 ಗಂಟೆಯನ್ನು ಯಾರೂ ಕೊಡುವುದಿಲ್ಲ. 20 ನಿಮಿಷದ ಓದು 14ಕ್ಕೆ ಇಳಿಯುತ್ತದೆ, 14 ನಿಮಿಷದಲ್ಲಿ ಅಲ್ಪವಿರಾಮ ತಿದ್ದಬಹುದೇ ಹೊರತು ವಾದವನ್ನಲ್ಲ.

ಟಿಪ್ಪಣಿ ಎಲ್ಲಿ ಕೆಡುತ್ತದೆ ಅಂತ ನೋಡೋಣ. ಉದಾಹರಣೆಗೆ, ಲೈಬ್ರರಿಯನ್ನು ರಾತ್ರಿ ಹೆಚ್ಚು ಹೊತ್ತು ತೆರೆದಿಡಬೇಕು ಅಂತ ವಾದಿಸುವ ಕರಡು. ಮೊದಲ ಸಾಲು: “ಇಂದಿನ ಸಮಾಜದಲ್ಲಿ ಗ್ರಂಥಾಲಯಗಳು ಬಹಳ ಮುಖ್ಯವಾದವು.” ಪಕ್ಕದಲ್ಲಿ ‘ಅಸ್ಪಷ್ಟ’, ‘ವಿವರಿಸಿ’ ಅಂತ ಬರೆದು ಮುಂದೆ ಹೋದರೆ ವಿದ್ಯಾರ್ಥಿ ಅದನ್ನು “ಇಂದಿನ ಆಧುನಿಕ ಸಮಾಜದಲ್ಲಿ ಗ್ರಂಥಾಲಯಗಳು ಅತ್ಯಂತ ಮುಖ್ಯವಾದವು” ಅಂತ ವಿವರಿಸಿ ತರುತ್ತಾನೆ. ಹೇಳಿದ್ದನ್ನೇ ಮಾಡಿದ್ದಾನೆ ಪಾಪ. ಇಂಥ ಟಿಪ್ಪಣಿ ಯಾವ ಪ್ರಬಂಧಕ್ಕಾದರೂ ಅಂಟುತ್ತದೆ, ರಬ್ಬರ್ ಸ್ಟಾಂಪಿನ ಹಾಗೆ. ಬರವಣಿಗೆ ಬೋಧನೆಯ ಸಂಶೋಧಕಿ ನ್ಯಾನ್ಸಿ ಸಾಮರ್ಸ್ 1982ರಲ್ಲೇ ಈ ಕಾಯಿಲೆ ಗುರುತಿಸಿದ್ದರು. ಅದೇ ಅಂಚಿನಲ್ಲಿ, “ಬಾಗಿಲು ಹತ್ತಕ್ಕೇ ಮುಚ್ಚಿದರೆ ಬೆಳಗ್ಗೆ ಯಾರಿಗೆ ಏನು ತೊಂದರೆ? ಇದನ್ನು ಓದಿ ಸಮಯ ಬದಲಿಸುವ ಅಧಿಕಾರ ಯಾರಿಗಿದೆ? ಅವರು ಸಂಬಳದ ಖರ್ಚು ಎತ್ತಿದರೆ ನಿನ್ನ ಉತ್ತರ?” ಅಂತ ಬರೆದರೆ ಮುಂದಿನ ಕರಡು ಸಂಜೆ ಕೆಲಸ ಮುಗಿಸಿ ಒಂಬತ್ತಕ್ಕೆ ಬರುವ ವಿದ್ಯಾರ್ಥಿಯಿಂದ ಶುರುವಾಗುತ್ತದೆ. ಬಿಟ್ಜರ್ ಹೇಳಿದ ಮೂರೂ ಬಂದವು, ಅವರ ಹೆಸರು ಎತ್ತುವ ಅಗತ್ಯವೇ ಬೀಳಲಿಲ್ಲ. ಮೊದಲ ಕರಡಿನಲ್ಲಿ ಇಂಥ ಪ್ರಶ್ನೆ ಎರಡು, ಹೆಚ್ಚೆಂದರೆ ಮೂರು ಸಾಕು. ಕಾಗುಣಿತದ ತಪ್ಪನ್ನು ಆಗಲೇ ತಿದ್ದಬಾರದು; ತಿದ್ದಿಸಿಕೊಂಡ ವಾಕ್ಯವನ್ನು ಅಳಿಸಲು ವಿದ್ಯಾರ್ಥಿಗೆ ಮನಸ್ಸು ಬರುವುದಿಲ್ಲ.

ವ್ಯಾಕರಣದ ಮಾತು ಬಂದಾಗಲೆಲ್ಲ ‘ಈಗಿನವರಿಗೆ ಬರೆಯಲು ಬರುವುದಿಲ್ಲ’ ಅನ್ನುವ ರಾಗ ಏಳುತ್ತದೆ. ಆಂಡ್ರಿಯಾ ಲನ್ಸ್‌ಫೋರ್ಡ್ ಮತ್ತು ರಾಬರ್ಟ್ ಕಾನರ್ಸ್ ಕಾಲೇಜು ವಿದ್ಯಾರ್ಥಿಗಳ ಪ್ರಬಂಧಗಳ ಬಗ್ಗೆ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 100 ಪದಕ್ಕೆ 2.26 ತಪ್ಪು ಸಿಕ್ಕಿದ್ದವು. ಸುಮಾರು 20 ವರ್ಷದ ನಂತರ ಅದೇ ಕೆಲಸ ಮತ್ತೆ ಮಾಡಿದಾಗ 2.45. ಹೆಚ್ಚೇನೂ ಏರಲಿಲ್ಲ. ಏರಿದ್ದು ಪ್ರಬಂಧದ ಉದ್ದ: ಸರಾಸರಿ 422 ಪದದಿಂದ 1,038ಕ್ಕೆ. ಮೇಷ್ಟ್ರ ಕಣ್ಣಿಗೆ ತಪ್ಪು ಜಾಸ್ತಿ ಕಾಣುವುದು ಸಹಜ, ಓದಬೇಕಾದ ಹಾಳೆಯೇ ಎರಡೂವರೆ ಪಟ್ಟು ಆಗಿದೆ.

ಇನ್ನು ಅಂಕ. ಇಪ್ಪತ್ತು ಜನ ಕಲಿಸುವ ಕೋರ್ಸಿನಲ್ಲಿ ಒಬ್ಬರ ‘ಎ’ ಇನ್ನೊಬ್ಬರ ‘ಸಿ’ ಆಗದಂತೆ ನೋಡಿಕೊಳ್ಳಲು ‘ನಾರ್ಮಿಂಗ್’ ನಡೆಯುತ್ತದೆ. ಹೆಸರು ತೆಗೆದ ನಾಲ್ಕೈದು ಪ್ರಬಂಧ ಎಲ್ಲರ ಕೈಗೆ ಕೊಡುತ್ತಾರೆ. ಮಾತಿಲ್ಲದೆ ಓದಿ 1ರಿಂದ 6ರವರೆಗೆ ಅಂಕ ಬರೆಯಬೇಕು, ಆಮೇಲೆ ಎಲ್ಲರೂ ಒಟ್ಟಿಗೆ ಕೈ ಎತ್ತಿ ತೋರಿಸಬೇಕು. 4 ಕೊಟ್ಟವರು, 2 ಕೊಟ್ಟವರು ತಮ್ಮ ಕಾರಣವನ್ನು ಪ್ರಬಂಧದ ಸಾಲಿಗೇ ಬೆರಳಿಟ್ಟು ಹೇಳಬೇಕು. ‘ನನಗೆ ಹಾಗನ್ನಿಸಿತು’ ನಡೆಯುವುದಿಲ್ಲ. ನಿಜವಾದ ಓದಿನಲ್ಲಿ ಪ್ರತಿ ಪ್ರಬಂಧಕ್ಕೆ ಇಬ್ಬರು, ಅಂತರ ಒಂದನ್ನು ಮೀರಿದರೆ ಮೂರನೆಯವರು. ಕೆಡುವುದು ಎರಡು ಕಡೆ. ಹಿರಿಯರು ಮೊದಲೇ ಬಾಯಿಬಿಟ್ಟರೆ ಉಳಿದವರ ಕೈ ಅವರ ಸಂಖ್ಯೆಯ ಹತ್ತಿರಕ್ಕೇ ಜಾರುತ್ತದೆ. ಕೈಯನ್ನು ಒಟ್ಟಿಗೆ ಎತ್ತಿಸುವುದು ಅದಕ್ಕೇ. ಇನ್ನೊಂದು, ಮಾದರಿಯಾಗಿ ಚೊಕ್ಕ ಪ್ರಬಂಧಗಳನ್ನೇ ಆರಿಸುವುದು. ಜಗಳ ಬರುವುದು ತಪ್ಪಿಲ್ಲದ ಆದರೆ ಖಾಲಿಯಾದ ಪ್ರಬಂಧದಲ್ಲಿ, ತಪ್ಪು ತುಂಬಿದ ಆದರೆ ಯೋಚನೆಯಿರುವ ಪ್ರಬಂಧದಲ್ಲಿ. ಅವೆರಡೂ ಇಲ್ಲದ ನಾರ್ಮಿಂಗ್ ಕಾಫಿ ಕುಡಿಯಲು ನೆಪ ಅಷ್ಟೇ.

ರೈಟಿಂಗ್ ಸೆಂಟರ್, ಅಂದರೆ ವಿದ್ಯಾರ್ಥಿಗಳು ಕರಡು ಹಿಡಿದು ಸಲಹೆ ಕೇಳಲು ಬರುವ ಜಾಗ, ಅದರ ಬಗ್ಗೆ ಒಂದೆರಡು ಮಾತು. ಅಲ್ಲಿ ಪೆನ್ನು ವಿದ್ಯಾರ್ಥಿಯ ಕೈಯಲ್ಲೇ ಇರಬೇಕು, ಕರಡನ್ನು ಜೋರಾಗಿ ಓದಬೇಕು. ಅರ್ಧ ಗಂಟೆಯಲ್ಲಿ ಮೊದಲ ಐದು ನಿಮಿಷ ‘ಏನು ಬರೆಯಲು ಹೇಳಿದ್ದಾರೆ, ನಿನಗೆ ಎಲ್ಲಿ ಕಷ್ಟ’ ಅನ್ನುವುದಕ್ಕೆ ಮೀಸಲು. ಬರವಣಿಗೆ ಬೋಧನೆಯ ವಿದ್ವಾಂಸ ಸ್ಟೀಫನ್ ನಾರ್ತ್ 1984ರಲ್ಲಿ ಬರೆದ ಹಾಗೆ, ಸುಧಾರಿಸಬೇಕಾದದ್ದು ಬರೆಯುವವನು, ಎದುರಿಗಿರುವ ಹಾಳೆಯಲ್ಲ. ಬೇರೆ ವಿಭಾಗದವರು ಶಿಕ್ಷೆ ಕೊಟ್ಟಂತೆ ‘ಹೋಗಿ ಗ್ರಾಮರ್ ಸರಿ ಮಾಡಿಸಿಕೊಂಡು ಬಾ’ ಅಂತ ಕಳಿಸಲು ಶುರುಮಾಡಿದರೆ ಸೆಂಟರ್ ಇಸ್ತ್ರಿ ಅಂಗಡಿಯಾಗುತ್ತದೆ.

ಇದನ್ನೆಲ್ಲ ಸಾಧನೆಯ ಪಟ್ಟಿಗೆ ಸೇರಿಸುವುದು ಹೇಗೆ? ಒಂದು ಪುಟ ಸಾಕು. ಒಬ್ಬ ವಿದ್ಯಾರ್ಥಿಯ ಒಪ್ಪಿಗೆ ಪಡೆದು, ಹೆಸರು ತೆಗೆದು, ಎಡಕ್ಕೆ ಮೊದಲ ಕರಡಿನ ಮೊದಲ ಪ್ಯಾರಾ, ಬಲಕ್ಕೆ ಅಂತಿಮ ಪ್ರತಿಯದ್ದು. ನಡುವೆ ಮೇಷ್ಟ್ರು ಅಂಚಿನಲ್ಲಿ ಬರೆದ ಮೂರು ಪ್ರಶ್ನೆ, ಕೈಬರಹದಲ್ಲೇ. ಕೆಳಗೆ ಚಿಕ್ಕ ಅಕ್ಷರದಲ್ಲಿ: ಮೂರು ಕರಡು, ಸೆಂಟರಿಗೆ ಎರಡು ಭೇಟಿ, ಅಧ್ಯಾಪಕರ ಸಮಯ 70 ನಿಮಿಷ, ತರಗತಿಯಲ್ಲಿ 19 ಜನ.