‘ಮನೆಯಲ್ಲಿ ಓದಿಸಿ’ ಎಂದು ಬರೆಯುವುದನ್ನು ಬಿಟ್ಟ ಮೇಲೆ

ನಾನು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯಲ್ಲಿ ಸರ್ಕಾರಿ ಶಾಲೆಯ ಟೀಚರ್. ನಾಲ್ಕು ಮತ್ತು ಐದನೇ ತರಗತಿ ನನ್ನದು. ಮಳೆ ಕಡಿಮೆ ಬೀಳುವ ಊರು. ಶೇಂಗಾ ಬಿತ್ತುತ್ತಾರೆ, ಕುರಿ ಸಾಕುತ್ತಾರೆ. ಸುಮಾರು ಮನೆಗಳಲ್ಲಿ ಮಾತು ತೆಲುಗು. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ ಅಪ್ಪ ಅಮ್ಮಂದಿರ ಮಕ್ಕಳು ಅಜ್ಜಿಯರ ಹತ್ತಿರ ಇರುತ್ತಾರೆ.

2022ರ ಮೇ 16ಕ್ಕೆ ಶಾಲೆ ಶುರುವಾಯಿತು. ಆ ವರ್ಷಕ್ಕೆ ಇಲಾಖೆ ‘ಕಲಿಕಾ ಚೇತರಿಕೆ’ ಎಂದು ಹೆಸರಿಟ್ಟಿತ್ತು. ಅವತ್ತು ನಾಲ್ಕನೇ ತರಗತಿಗೆ ಬಂದ ಮಕ್ಕಳು ಒಂದನೇ ತರಗತಿ ಮುಗಿಸುವ ಹೊತ್ತಿಗೆ ಕೊರೊನಾ ಬಂದು ಶಾಲೆ ಮುಚ್ಚಿತ್ತು. ಒಂದರಿಂದ ಐದನೇ ತರಗತಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಎರಡನೇ ತರಗತಿ ಪೂರ್ತಿ, ಮೂರನೇ ತರಗತಿಯ ಮೊದಲ ತಿಂಗಳುಗಳೂ ಜಗಲಿಯ ಮೇಲೆ, ಹೊಲದ ಬದುವಿನಲ್ಲಿ ಕಳೆದು ಹೋಗಿದ್ದವು.

ಒಬ್ಬೊಬ್ಬರನ್ನೇ ಪಕ್ಕಕ್ಕೆ ಕೂರಿಸಿಕೊಂಡು ಓದಿಸಿ ನೋಡಿದೆ. ಮೊದಲು ಅಕ್ಷರ, ಆಮೇಲೆ ಪದ, ನಾಲ್ಕು ಸಾಲಿನ ಪ್ಯಾರಾ, ಕೊನೆಗೆ ಒಂದು ಪುಟ್ಟ ಕಥೆ. ಕಥೆಯ ತನಕ ಬಂದವರು ನಾಲ್ಕೇ ಮಕ್ಕಳು. ಹೆಚ್ಚಿನವರು ಪದದಲ್ಲಿ ನಿಂತರು. ಕೆಲವರಿಗೆ ಅಕ್ಷರವೂ ಗಟ್ಟಿ ಇರಲಿಲ್ಲ. ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. ಪ್ರಥಮ್ ಸಂಸ್ಥೆ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಾಡುವ ಅಸರ್ ಸಮೀಕ್ಷೆಯ ಪ್ರಕಾರ, ಮೂರನೇ ತರಗತಿಯಲ್ಲಿದ್ದು ಎರಡನೇ ತರಗತಿಯ ಪಾಠ ಓದಬಲ್ಲ ಮಕ್ಕಳು ದೇಶದಲ್ಲಿ 2018ರಲ್ಲಿ ಶೇ. 27.3 ಇದ್ದರು. 2022ಕ್ಕೆ ಅದು ಶೇ. 20.5ಕ್ಕೆ ಇಳಿಯಿತು.

ಆಗ ನಾನು ಮಾಡಿದ ತಪ್ಪನ್ನು ಇಲ್ಲಿ ಹೇಳಲೇಬೇಕು. ಎಲ್ಲ ಮಕ್ಕಳ ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಬರೆದೆ: ‘ಮಗುವಿಗೆ ಸರಿಯಾಗಿ ಓದಲು ಬರುತ್ತಿಲ್ಲ. ಮನೆಯಲ್ಲಿ ದಿನವೂ ಓದಿಸಿ. ಪೋಷಕರ ಸಹಿ.’ ಮಾರನೇ ದಿನ ಸಹಿಗಳು ಬಂದವು. ಸುಮಾರು ಪುಟಗಳಲ್ಲಿ ಹೆಬ್ಬೆಟ್ಟಿನ ಗುರುತು ಇತ್ತು. ಅದನ್ನು ನೋಡಿದಾಗಲೇ ನನಗೆ ಅರ್ಥ ಆಗಬೇಕಿತ್ತು. ಆಗಲಿಲ್ಲ.

ಮೂರನೇ ದಿನ ಒಬ್ಬ ಹುಡುಗ ಕುಂಟುತ್ತಾ ಬಂದ. ಮೀನಖಂಡದ ಮೇಲೆ ಬಾಸುಂಡೆ. ಏನಾಯಿತು ಎಂದು ಕೇಳಿದರೆ ಬಾಯಿ ಬಿಡಲಿಲ್ಲ. ಸಂಜೆ ಅವನ ಮನೆಗೆ ಹೋದೆ. ಅಪ್ಪನಿಗೆ ಓದು ಬಾರದು. ‘ಮೇಡಂ ಏನು ಬರೆದವ್ರೆ, ಓದು’ ಎಂದು ಮಗನ ಕೈಗೇ ಪುಸ್ತಕ ಕೊಟ್ಟಿದ್ದಾನೆ. ಹುಡುಗನಿಗೆ ಓದಲು ಆಗಲಿಲ್ಲ. ಪಕ್ಕದ ಮನೆಯವರು ಓದಿ ಹೇಳಿದರು. ಏಟು ಬಿತ್ತು. ಓದಲು ಬಾರದ ಮಗುವಿನ ಕೈಯಲ್ಲೇ ಅವನ ಮೇಲಿನ ದೂರನ್ನು ಬರೆದು ಕಳಿಸಿದ್ದೆ ನಾನು. ಅವನ ಅಜ್ಜಿ ನನಗೆ ಮಣೆ ಹಾಕಿ, ನೀರು ಕೊಟ್ಟು, ಮೆಲ್ಲಗೆ ಹೇಳಿದರು: ‘ಓದಿಸು ಅಂತ ಬರೀತೀಯಲ್ಲಮ್ಮ, ನಮಗೇ ಬರಾಕಿಲ್ಲ. ಎಲ್ಲಿಂದ ಓದಿಸಾದು?’

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಸಾಲನ್ನು ಮತ್ತೆ ಯಾವ ನೋಟ್‌ಬುಕ್ಕಿನಲ್ಲೂ ನಾನು ಬರೆದಿಲ್ಲ.

ಸ್ವಲ್ಪ ಓದು ಬಲ್ಲ ಮನೆಗಳಲ್ಲಿ ತೊಂದರೆ ಬೇರೆ ಇತ್ತು. ಅಲ್ಲಿ ಅಣ್ಣನೋ ಚಿಕ್ಕಪ್ಪನೋ ಸ್ಲೇಟು ಹಿಡಿದು ಅ ಆ ಇ ಈ ತಿದ್ದಿಸುತ್ತಿದ್ದರು. ಸಣ್ಣ ತರಗತಿಗಳಿಗೆ ಇರುವ ನಮ್ಮ ನಲಿ-ಕಲಿ ಎಂಬ ಕಲಿಕೆಯ ಕ್ರಮದಲ್ಲಿ ಮಗು ಮೊದಲು ಕಲಿಯುವುದು ರ, ಗ, ಸ, ದ, ಅ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ, 2009ರ ಹೊತ್ತಿಗೆ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಬಂದ ಕ್ರಮ ಅದು. ಈ ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ಗರಗಸ ಎಲ್ಲಾ ಓದಬಹುದು. ಮೊದಲ ವಾರಗಳಲ್ಲೇ ಮಗುವಿಗೆ ‘ನಾನು ಓದಿದೆ’ ಎಂಬ ಖುಷಿ ಸಿಗುತ್ತದೆ. ಆದರೆ ಇದನ್ನು ನಾವು ಯಾವ ತಂದೆ ತಾಯಿಗೂ ಕೂತು ಹೇಳಿರಲಿಲ್ಲ. ‘ಈ ಶಾಲೆಯಲ್ಲಿ ಅಆಇಈಯನ್ನೂ ಸರಿಯಾಗಿ ಕಲಿಸಲ್ಲ’ ಎಂದು ಅವರು ಅಂದುಕೊಂಡರೆ ತಪ್ಪು ಅವರದಲ್ಲ, ಅಲ್ವಾ?

ಇನ್ನೊಂದು ವಿಷಯ. ಕನ್ನಡ ಓದು ಬೇಗ ಕೈಗೆ ಹತ್ತುವಂಥದ್ದಲ್ಲ. 49 ಅಕ್ಷರ ಬಂದರೆ ಮುಗಿಯಿತು ಅಂದುಕೊಳ್ಳುತ್ತೇವೆ. ಕಾಗುಣಿತ ಸೇರಿದರೆ 400ಕ್ಕೂ ಜಾಸ್ತಿ ರೂಪಗಳು, ಅದರ ಮೇಲೆ ಒತ್ತಕ್ಷರ. ಕನ್ನಡ ಕಲಿಯುವ ಮಕ್ಕಳನ್ನೇ ಇಟ್ಟುಕೊಂಡು ಸೋನಾಲಿ ನಾಗ್ ಮಾಡಿದ, 2007ರಲ್ಲಿ ಪ್ರಕಟವಾದ ಅಧ್ಯಯನ ಹೇಳುವುದೂ ಇದನ್ನೇ: ಅಕ್ಷರಗಳ ಕಲಿಕೆ ನಾಲ್ಕನೇ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ. ‘ಒಂದನೇ ಕ್ಲಾಸಿನಲ್ಲೇ ಓದು ಬರಬೇಕಿತ್ತು, ಇವನು ದಡ್ಡ’ ಎಂದು ಯಾರಾದರೂ ಹೇಳಿದರೆ ಈಗ ನಾನು ಸುಮ್ನೆ ಇರುವುದಿಲ್ಲ.

ಶಾಲೆಯ ಕೆಲಸವನ್ನು ಮೊದಲು ಸರಿ ಮಾಡಿಕೊಂಡೆ. ‘ಓದು ಕರ್ನಾಟಕ’ದ ದಾರಿ ಗೊತ್ತಿತ್ತು. ಇಲಾಖೆ ಪ್ರಥಮ್ ಜೊತೆ ಸೇರಿ ನಾಲ್ಕು ಐದನೇ ತರಗತಿಗೆ ತಂದದ್ದು ಅದು. ಮಗು ಯಾವ ತರಗತಿ ಎಂದು ನೋಡದೆ, ಓದು ಎಲ್ಲಿ ನಿಂತಿದೆ ಎಂದು ನೋಡಿ ಗುಂಪು ಮಾಡಬೇಕು. ಎರಡೂ ತರಗತಿ ಸೇರಿಸಿ ದಿನಕ್ಕೆ ಒಂದು ಗಂಟೆ ಹಾಗೆ ಕೂರಿಸಿದೆ. ಅಕ್ಷರದ ಗುಂಪಿಗೆ ಕಾಗುಣಿತ ಚಾರ್ಟ್. ಪದದ ಗುಂಪಿಗೆ ಪದ ಕಟ್ಟುವ ಆಟ. ಕಥೆಯ ಗುಂಪು ಓದಿ, ಮಾತಾಡಿ, ತಮ್ಮ ಮಾತಲ್ಲಿ ಬರೆಯುವುದು. ಐದನೇ ತರಗತಿಯ ಇಬ್ಬರು ದೊಡ್ಡ ಹುಡುಗರಿಗೆ ಅಕ್ಷರದ ಗುಂಪಿನಲ್ಲಿ ಕೂರಲು ನಾಚಿಕೆ ಆಯಿತು. ಅವರಿಗೆ ಚಾರ್ಟ್ ಹಿಡಿದು ಚಿಕ್ಕವರಿಗೆ ತೋರಿಸುವ ಕೆಲಸ ಕೊಟ್ಟೆ. ತೋರಿಸುತ್ತಾ ತೋರಿಸುತ್ತಾ ಅವರೂ ಕಲಿತರು.

ಆಗಸ್ಟ್ ಹೊತ್ತಿಗೆ ಅಕ್ಷರದವರಲ್ಲಿ ಹೆಚ್ಚಿನವರು ಪದಕ್ಕೆ, ಪದದವರು ಪ್ಯಾರಾಕ್ಕೆ ಬಂದರು. ಅಲ್ಲಿಂದ ಮುಂದೆ ಗಾಡಿ ಹೋಗಲಿಲ್ಲ. ಒಂದೊಂದೇ ಪದ ಎತ್ತಿ ಎತ್ತಿ ಇಡುವ ಹಾಗೆ ಓದುತ್ತಿದ್ದರು. ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲು ಏನಿತ್ತು ಎಂಬುದೇ ಮರೆತಿರುತ್ತಿತ್ತು. ಯಾಕೆ ಎಂದು ಲೆಕ್ಕ ಹಾಕಿದೆ. ಒಂದು ಗಂಟೆ, ಇಷ್ಟು ಮಕ್ಕಳು. ಒಂದು ಮಗು ಗಟ್ಟಿಯಾಗಿ ಓದಲು ಸಿಗುವುದು ಎರಡು ನಿಮಿಷ. ಎರಡು ನಿಮಿಷ ಸೈಕಲ್ ತುಳಿದರೆ ಯಾರಿಗೆ ಬ್ಯಾಲೆನ್ಸ್ ಬರುತ್ತದೆ?

ಮನೆಯ ಸಹಾಯ ಬೇಕಾದದ್ದು ಈ ಜಾಗಕ್ಕೆ. ಕಲಿಸಲು ಯಾರೂ ಬೇಕಿರಲಿಲ್ಲ. ಮಗು ಓದುವಾಗ ಕೇಳುವವರು ಬೇಕಿತ್ತು. ಕೇಳಲು ಅಕ್ಷರ ಬರಬೇಕಿಲ್ಲ.

ಒಂದೇ ನಿಯಮ ಇಟ್ಟುಕೊಂಡೆ. ಶಾಲೆಯಲ್ಲಿ ಈಗಾಗಲೇ ಮೂರು ಸಲ ಸರಿಯಾಗಿ ಓದಿದ್ದನ್ನು ಮಾತ್ರ ಮನೆಗೆ ಕೊಡುವುದು. ಕಲಿಯಬೇಕಾದದ್ದು ಶಾಲೆಯಲ್ಲೇ ಇರಲಿ, ಕಲಿತದ್ದು ಮನೆಗೆ ಹೋಗಲಿ. ಮೊದಲ ವಾರ ಆತುರಪಟ್ಟು ಪದದ ಗುಂಪಿನ ಮಕ್ಕಳಿಗೂ ಕಥೆ ಪುಸ್ತಕ ಕೊಟ್ಟಿದ್ದೆ. ಅವರು ಅಜ್ಜಿಯ ಮುಂದೆ ತಡವರಿಸಿ, ಅವಮಾನ ಆಗಿ, ಪುಸ್ತಕವನ್ನು ಬ್ಯಾಗಿನಿಂದ ತೆಗೆಯುವುದನ್ನೇ ಬಿಟ್ಟರು. ಆಮೇಲೆ ಅವರಿಗೆ ನಾನೇ ಎಂಟು ಹತ್ತು ಸಾಲು ಬರೆದು ಕೊಡತೊಡಗಿದೆ. ಊರಿನ ಮಾತೇ. ಕುರಿ, ಹಟ್ಟಿ, ಜಾತ್ರೆ, ಟ್ರ್ಯಾಕ್ಟರ್.

ಸಹಿ ಕೇಳುವುದನ್ನು ಪೂರ್ತಿ ನಿಲ್ಲಿಸಿದೆ. ಬದಲಿಗೆ ಬೆಳಿಗ್ಗೆ ಒಂದೇ ಪ್ರಶ್ನೆ: ‘ನೀನು ಓದಿದ ಮೇಲೆ ಮನೆಯಲ್ಲಿ ಏನಂದರು?’ ಒಬ್ಬಳು ಹೇಳಿದಳು, ‘ನಮ್ಮವ್ವ ನಡುನಡುವೆ ತರ್ವಾತ ಏಮಾಯೆರಾ (ಆಮೇಲೆ ಏನಾಯ್ತು) ಅಂತ ಕೇಳ್ತಿತ್ತು ಮಿಸ್. ನಾನು ತೆಲುಗಲ್ಲೇ ಹೇಳಿದೆ.’ ಹೇಳಿ ನನ್ನ ಮುಖ ನೋಡಿದಳು. ಬೈಯುತ್ತೇನೆ ಅಂದುಕೊಂಡಿದ್ದಳು. ಯಾಕೆಂದರೆ ತರಗತಿಯಲ್ಲಿ ತೆಲುಗು ಬೇಡ ಎಂದು ಮೊದಲು ನಾನೇ ಹೇಳುತ್ತಿದ್ದೆ. ಕನ್ನಡದಲ್ಲಿ ಓದಿದ್ದನ್ನು ತೆಲುಗಿನಲ್ಲಿ ಹೇಳಬೇಕಾದರೆ ಅರ್ಥ ಆಗಿರಲೇಬೇಕು. ಅದಕ್ಕಿಂತ ಒಳ್ಳೆ ಪರೀಕ್ಷೆ ನಾನು ಯಾವುದನ್ನು ತಾನೇ ಕೊಟ್ಟೇನು?

ಕೆನಡಾದಲ್ಲಿ ಮೋನಿಕ್ ಸೆನೆಶಾಲ್ ಮತ್ತು ಜೋ-ಆನ್ ಲೆಫೆವ್ರ್ ಮಕ್ಕಳನ್ನು ಐದು ವರ್ಷ ಹಿಂಬಾಲಿಸಿ ಮಾಡಿದ ಅಧ್ಯಯನವೊಂದಿದೆ. 2002ರಲ್ಲಿ ಬಂತು. ಮನೆಯಲ್ಲಿ ಅಕ್ಷರ ಕಲಿಸುವುದು ಒಂದು ದಾರಿ, ಕಥೆ ಪುಸ್ತಕ ಜೊತೆಯಾಗಿ ಓದುವುದು ಇನ್ನೊಂದು ದಾರಿ ಎಂದು ಅವರು ಬಿಡಿಸಿ ತೋರಿಸಿದರು. ಮೊದಲನೆಯದರಿಂದ ಆರಂಭದ ಅಕ್ಷರಜ್ಞಾನ ಬರುತ್ತದೆ. ಎರಡನೆಯದರಿಂದ ಪದಸಂಪತ್ತು, ಕೇಳಿ ಅರ್ಥ ಮಾಡಿಕೊಳ್ಳುವ ಶಕ್ತಿ ಬೆಳೆದು, ಮೂರನೇ ತರಗತಿಯ ಓದಿಗೆ ಅದು ಕೈಹಿಡಿಯುತ್ತದೆ. ಅವು ಅಪ್ಪ ಅಮ್ಮ ಓದು ಬಲ್ಲ ಮನೆಗಳು. ನಮ್ಮಲ್ಲಿ ಮೊದಲ ದಾರಿ ಹೆಚ್ಚಿನ ಮನೆಗಳಿಗೆ ಮುಚ್ಚಿದೆ. ಎರಡನೆಯದು ಮುಚ್ಚಿಲ್ಲ ಎಂಬುದು ನನ್ನ ಅನುಭವ. ಅಲ್ಲಿ ಅಮ್ಮ ಮಗುವಿಗೆ ಓದಿ ಹೇಳುತ್ತಾಳೆ, ಇಲ್ಲಿ ಮಗು ಅಜ್ಜಿಗೆ ಓದಿ ಹೇಳುತ್ತದೆ. ಕಥೆಯ ಮೇಲೆ ಮಾತು ಎರಡೂ ಕಡೆ ನಡೆಯುತ್ತದೆ.

‘ಸಮುದಾಯದತ್ತ ಶಾಲೆ’ ದಿನ ಪೋಷಕರು ಬಂದಾಗ ಅಂಕಗಳ ಹಾಳೆ ತೋರಿಸುವುದು ರೂಢಿ. ಆ ಸಲ ಒಬ್ಬೊಬ್ಬ ಮಗುವನ್ನು ಎದ್ದು ನಿಲ್ಲಿಸಿ ತಾನು ಓದಬಲ್ಲದ್ದನ್ನು ಓದಿಸಿದೆ. ಮಗನನ್ನು ಹೊಡೆದಿದ್ದ ಅಪ್ಪ ಹಿಂದಿನ ಸಾಲಿನಲ್ಲಿ ನಿಂತಿದ್ದ. ಹುಡುಗ ಆರು ಸಾಲು ಓದಿದ. ಅಪ್ಪ ಟವೆಲ್‌ನಿಂದ ಮುಖ ಒರೆಸಿಕೊಂಡ. ಅವನೊಂದಿಗೆ ಆಮೇಲೆ ಮಾತಾಡಿದೆ. ‘ಹೊಡೀಬೇಡಿ, ಸುಮ್ನೆ ಹತ್ತು ನಿಮಿಷ ಪಕ್ಕದಲ್ಲಿ ಕೂತ್ಕೊಳ್ಳಿ’ ಎಂದೆ. ಕೂತ.

ಅಕ್ಟೋಬರ್ ಕೊನೆಗೆ ಶೇಂಗಾ ಕೀಳುವ ಕಾಲ. ಎಲ್ಲ ನಿಂತೇ ಹೋಗುತ್ತದೆ ಅಂದುಕೊಂಡಿದ್ದೆ. ಒಂದು ಸಂಜೆ ಹಟ್ಟಿ ಕಡೆ ಹೋದರೆ ಬಳ್ಳಿಯ ರಾಶಿ ಸುತ್ತ ಐದಾರು ಹೆಂಗಸರು ಕಾಯಿ ಬಿಡಿಸುತ್ತಾ ಕೂತಿದ್ದಾರೆ. ನಡುವೆ ನಮ್ಮ ಹುಡುಗಿ, ಮೊಬೈಲ್ ಟಾರ್ಚ್ ಬೆಳಕಲ್ಲಿ ಓದುತ್ತಿದ್ದಾಳೆ. ಕೈ ಕೆಲಸ ಮಾಡುತ್ತಿದೆ, ಕಿವಿ ಅವಳ ಕಡೆ ಇದೆ.

ಹೀಗೆ ಓದತೊಡಗಿದರೆ ಪುಸ್ತಕ ಸಾಲುವುದಿಲ್ಲ. ಪಂಚಾಯತಿ ಗ್ರಂಥಾಲಯದಲ್ಲಿ 2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಇದೆ. ಆದರೆ ಪಂಚಾಯತಿ ಇರುವುದು ಪಕ್ಕದ ಊರಲ್ಲಿ. ಸಂಜೆ ಚಿಕ್ಕವರನ್ನು ಅಷ್ಟು ದೂರ ಯಾರು ಕಳಿಸುತ್ತಾರೆ? ಹದಿನೈದು ದಿನಕ್ಕೊಮ್ಮೆ ನಾನೇ ಒಂದು ಚೀಲ ತರುತ್ತೇನೆ. ಮೇಲ್ವಿಚಾರಕರು ತೆಳ್ಳಗಿನ ಪುಸ್ತಕಗಳನ್ನು ನನಗಾಗಿ ತೆಗೆದಿಟ್ಟಿರುತ್ತಾರೆ.

ಮಾರ್ಚ್‌ನಲ್ಲಿ ಮತ್ತೆ ಒಬ್ಬೊಬ್ಬರನ್ನೇ ಕೂರಿಸಿ ಓದಿಸಿದೆ. ಪ್ಯಾರಾದಲ್ಲಿ ನಿಂತಿದ್ದ ಮಕ್ಕಳಲ್ಲಿ ಹೆಚ್ಚಿನವರು ಕಥೆ ಓದಿದರು. ಗುಂಪಿನ ಪಾಠದ ಪಾಲು ಎಷ್ಟು, ಮನೆಯ ಪಾಲು ಎಷ್ಟು ಎಂದು ಬೇರೆ ಮಾಡಿ ಹೇಳಲಾರೆ. ಅಕ್ಷರದಲ್ಲಿ ನಿಂತವರಿಗೆ ಮನೆಯ ಹತ್ತು ನಿಮಿಷ ಏನೂ ಮಾಡಲಿಲ್ಲ, ಅದು ಶಾಲೆಯಲ್ಲೇ ಆಗಬೇಕಾದ ಕೆಲಸ. ಪ್ಯಾರಾಕ್ಕೆ ಬಂದವರಿಗೆ ಮಾತ್ರ ಆ ಹತ್ತು ನಿಮಿಷ ಕೈಹಿಡಿಯಿತು ಎಂದು ನನಗೆ ಅನ್ನಿಸುತ್ತದೆ.

ಒಬ್ಬ ಹುಡುಗನ ಮನೆಯಲ್ಲಿ ಕೇಳುವವರೇ ಇರಲಿಲ್ಲ. ಅಪ್ಪ ಅಮ್ಮ ಬೆಂಗಳೂರಲ್ಲಿ. ಅಜ್ಜನಿಗೆ ಕಿವಿ ಕೇಳಿಸದು. ಅವನಿಗೆ ಏನು ಮಾಡುವುದು ಎಂದು ಯೋಚಿಸುತ್ತಿದ್ದಾಗ ಬಿಸಿಯೂಟದ ಅಕ್ಕ ‘ನಾನು ಬೆಳಿಗ್ಗೆ ಅಕ್ಕಿ ಆರಿಸ್ತಾ ಕೂತಿರ್ತೀನಲ್ಲ ಮೇಡಂ, ಅಲ್ಲಿಗೆ ಕಳಿಸಿ’ ಎಂದರು. ಪ್ರಾರ್ಥನೆಗೆ ಮುಂಚೆ ಅವನು ಅಡುಗೆ ಕೋಣೆಯ ಹೊಸ್ತಿಲ ಮೇಲೆ ಕೂತು ಓದತೊಡಗಿದ. ಒಂದು ಸೋಮವಾರ ಅವನು ಬರುವುದು ತಡ ಆಯಿತು. ಅಕ್ಕ ಮೊರ ಹಿಡಿದುಕೊಂಡೇ ನನ್ನ ತರಗತಿಯ ಬಾಗಿಲಿಗೆ ಬಂದು ಕೇಳಿದರು: ‘ಅವನೆಲ್ಲಿ ಮೇಡಂ? ಶನಿವಾರ ಕಥೆ ಅರ್ಧಕ್ಕೇ ನಿಂತೋಯ್ತು.’